ಸಿಸ್ಟರಮ್ಮನಿಗೆ ಉಡಿ ತುಂಬಿದ್ದು

ಸಿಸ್ಟರಮ್ಮ ಹೋದ ಸುದ್ದಿ ನಮಗೆ ಮುಟ್ಟಿದ್ದು ಅವರನ್ನು ಮಣ್ಣು ಮಾಡಿದ ಮೇಲೆ. ಕೇರಳದಿಂದ ಫೋನು ಮಾಡಿದ ಹೆಣ್ಣುಮಗಳು ಹಿಂದಿಯಲ್ಲಿ, 'ಬಹಳ ಶಾಂತವಾಗಿ ಹೋದರು' ಎಂದಳು. ಮೊದಲೇ ಯಾಕೆ ತಿಳಿಸಲಿಲ್ಲ ಎಂದು ಕೇಳಿದೆ. 'ರಕ್ತಸಂಬಂಧಿಕರಿಗೆ ತಿಳಿಸಿದ್ದೆವು' ಎಂದಳು. ಅವರ ರಕ್ತಸಂಬಂಧಿಕ ಎಂದರೆ ಒಬ್ಬ ತಮ್ಮನ ಮಗ. ಅವನನ್ನು ಅವರು ತೊಟ್ಟಿಲಲ್ಲಿ ನೋಡಿದ್ದೇ ಕೊನೆ. ಫೋನು ಇಟ್ಟು ಅಡುಗೆ ಮನೆಗೆ ಹೋಗಿ ಒಲೆಯ ಮೇಲಿದ್ದ ಹಾಲು ಇಳಿಸಿದೆ. ಅಳು ಬರಲಿಲ್ಲ, ಸಿಟ್ಟು ಬಂತು. ಅದು ಇನ್ನೂ ಇಳಿದಿಲ್ಲ. ಆದ್ದರಿಂದ ತೀರಿಕೊಂಡವರ ಬಗ್ಗೆ ಬರೆಯುವಾಗ ಆಡುವ ಮೆತ್ತನೆಯ ಮಾತುಗಳನ್ನು ಯಾರೂ ಇಲ್ಲಿ ಹುಡುಕಬಾರದು.

ಕುಷ್ಟಗಿಯಿಂದ ಯಲಬುರ್ಗಾ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಇಲ್ಲಿಯ ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಹಿಂದಿ ಕಲಿಸುತ್ತಿದ್ದೆ. ಯಜಮಾನರದು ಬೀಜ ಗೊಬ್ಬರದ ಅಂಗಡಿ. ನಮ್ಮ ಹಿತ್ತಲ ಗೋಡೆಯ ಆಚೆಗೆ ಸಿಸ್ಟರುಗಳ ಮನೆ, ಅದಕ್ಕೆ ಹೊಂದಿಕೊಂಡು ಹೆಣ್ಣುಮಕ್ಕಳ ಬೋರ್ಡಿಂಗು. ಅಪ್ಪ ಅಮ್ಮ ಗೋವಾಕ್ಕೋ ಬೆಂಗಳೂರಿಗೋ ಗುಳೆ ಹೋದಾಗ ಸಾಲಿ ಬಿಡಬಾರದೆಂದು ಇಲ್ಲಿ ಬಿಟ್ಟುಹೋಗುತ್ತಿದ್ದ ಹುಡುಗಿಯರೇ ಅಲ್ಲಿ ಇದ್ದದ್ದು. ಸಿಸ್ಟರುಗಳು ಬರುತ್ತಿದ್ದರು, ವರ್ಗವಾಗಿ ಹೋಗುತ್ತಿದ್ದರು. ಇವರೊಬ್ಬರು ಹೋಗಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಸಿಸ್ಟರಮ್ಮ ಎಂದರೆ ಅವರೇ. ಅವರ ಸ್ವಂತ ಹೆಸರು ಎಷ್ಟೋ ವರ್ಷ ನನಗೂ ಗೊತ್ತಿರಲಿಲ್ಲ. ಒಮ್ಮೆ ಕೇಳಿದಾಗ, 'ಮಠಕ್ಕೆ ಬಂದಾಗ ಅದನ್ನೂ ಕೊಟ್ಟುಬಿಟ್ಟೀನ್ರಿ ಅಕ್ಕೋರ' ಎಂದರು. ಏನೋ ಹಳೆಯ ಸೀರೆ ಕೊಟ್ಟವರ ಹಾಗೆ ಹೇಳಿದರು.

ಕೇರಳದಿಂದ ಬಂದಾಗ ಅವರಿಗೆ ಕನ್ನಡ ಬರುತ್ತಿರಲಿಲ್ಲವಂತೆ. ಕಲಿಸಿದವರು ಬೋರ್ಡಿಂಗಿನ ಹುಡುಗಿಯರು. ಹೀಗಾಗಿ ಅವರ ಕನ್ನಡ ಹುಲಿಹೈದರದ ಕುರಿಗಾರನ ಮಗಳ ಕನ್ನಡ, ಮಂಗಳೂರಿನ ಕೂಲಿಯವಳ ಮಗಳ ಕನ್ನಡ. ನಮ್ಮ ಯಲಬುರ್ಗಾ ಕಡೆಯ ಮಂಗಳೂರು, ಸಮುದ್ರದ್ದಲ್ಲ. ಊಟಕ್ಕೆ ತಡಮಾಡಿದರೆ 'ಏ ಖೋಡಿಗಳಿರಾ, ರೊಟ್ಟಿ ಆರಾಕ ಹತ್ಯಾವು' ಎಂದು ಕೂಗುತ್ತಿದ್ದರು. ಒಮ್ಮೆ ಅವರ ಮಠದ ದೊಡ್ಡವರು ಬಂದಿದ್ದಾಗಲೂ ಹೀಗೇ ಕೂಗಿದರಂತೆ. ಬಂದವರು ಅದೇನೋ ಜಪದ ಮಾತು ಇರಬೇಕೆಂದು ತಲೆದೂಗಿದ್ದರು. ಇದನ್ನು ಅವರೇ ನನಗೆ ಹೇಳಿ ನಗುತ್ತಿದ್ದರು.

ಅವರನ್ನು ಸಂತಳೆಂದು ಮಾಡಿಡುವ ಇರಾದೆ ನನಗಿಲ್ಲ. ಮುಂಗೋಪ ಇತ್ತು. ಹಟ ಇತ್ತು. ಪ್ರಾರ್ಥನೆಗೆ ಕೂತರೆ ಊರು ಹತ್ತಿ ಉರಿದರೂ ಏಳುತ್ತಿರಲಿಲ್ಲ. ಮಗಳನ್ನು ನೋಡಲು ಗೋವಾದಿಂದ ಬಂದ ಒಬ್ಬನನ್ನು ಬಿಸಿಲಲ್ಲಿ ಗೇಟಿನ ಹೊರಗೆ ನಿಲ್ಲಿಸಿ ಒಳಗೆ ಕೂತಿದ್ದರು. ನಾನು ಗೋಡೆಯ ಮೇಲಿಂದಲೇ ಜಗಳ ತೆಗೆದೆ.

'ಅಲ್ರಿ, ನಿಮ್ಮ ದೇವರಿಗೆ ಒಂದ ತಾಸು ಕಾಯಾಕ ಆಗೂದಿಲ್ಲೇನು? ಆ ಮನುಷ್ಯಾ ನೀರಿಲ್ದ ನಿಂತಾನ.'

ಎದ್ದು ಬಂದು ಗೇಟು ತೆಗೆದರು, ನೀರು ಕೊಟ್ಟರು, ಮಗಳನ್ನು ಕರೆಸಿದರು. ಆದರೆ ನನ್ನ ಜೊತೆ ಎರಡು ವಾರ ಮಾತು ಬಿಟ್ಟರು. ಆಮೇಲೆ ಒಂದು ಬಟ್ಟಲು ಹುಣಸೆ ತೊಕ್ಕು ಗೋಡೆಯ ಮೇಲೆ ಇಟ್ಟು ಹೋದರು. ಅದೇ ರಾಜಿ.

ನನಗೆ ಅವರ ಮೇಲೆ ನಿಜವಾಗಿ ಸಿಟ್ಟು ಬರುತ್ತಿದ್ದದ್ದು ಅವರು ತಮಗೆಂದು ಏನನ್ನೂ ಕೇಳದೆ ಇರುತ್ತಿದ್ದದ್ದಕ್ಕೆ. ಒಂದು ಚಳಿಗಾಲದಲ್ಲಿ ಅವರಿಗೆಂದೇ ಉಣ್ಣೆಯ ಸ್ವೆಟರು ಹೆಣೆದು ಕೊಟ್ಟೆ. ಮುಂದಿನ ವಾರ ಅದು ಬೇರೊಬ್ಬ ಸಿಸ್ಟರ ಮೈಮೇಲೆ ಇತ್ತು. ಅವರಲ್ಲಿ ಬಂದದ್ದನ್ನೆಲ್ಲ ಮನೆಯ ಹಿರಿಯಳ ಕೈಗೆ ಕೊಡಬೇಕು, ಅವಳು ಯಾರಿಗೆ ಕೊಡುತ್ತಾಳೋ ಅವರದ್ದು. 'ಅಳತೆ ನಿಮ್ಮದು, ಆಕಿಗೆ ತೋಳು ಮೊಣಕೈಗೆ ಬಂದೈತಿ' ಎಂದೆ. 'ಆಕಿಗೆ ಚಳಿ ಭಾಳ ಅಕ್ಕೋರ' ಎಂದರು. 'ಒಂದು ನನಗ ಇರಲಿ ಅಂತ ಕೇಳಾಕ ಬಾಯಿ ಇರಲಿಲ್ಲೇನು?' 'ಕೇಳಿದ್ರ ಕೊಡ್ತಿದ್ರು. ಅದಕ್ಕ ಕೇಳಲಿಲ್ಲ.'

ಅವರ ತಾಯಿ ತೀರಿಕೊಂಡಾಗಲೂ ಹೋಗಲಿಲ್ಲ. ಕೇಳಿದ್ದರೆ ಬಿಡುತ್ತಿದ್ದರು, ಇದನ್ನು ಅವರೇ ಹೇಳಿದರು. ಹುಡುಗಿಯರಿಗೆ ಪರೀಕ್ಷೆ ಇತ್ತು. ಆ ದಿನ ಸಂಜೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಒಗೆದದ್ದನ್ನೇ ಮತ್ತೆ ಮತ್ತೆ ಒಗೆಯುತ್ತಿದ್ದರು. ನಾನು ಗೋಡೆ ದಾಟಿ ಹೋಗಿ ಪಕ್ಕದಲ್ಲಿ ಕೂತೆ.

ನಾನು ಈ ಊರಿಗೆ ಸೊಸೆಯಾಗಿ ಬಂದ ವರ್ಷ ನಡೆದದ್ದೊಂದು ಇದೆ, ಅದನ್ನು ಇಲ್ಲಿ ಹೇಳಲೇಬೇಕು. ನಮ್ಮ ಓಣಿಯಲ್ಲಿ ಮೊಸರು ಮಾರುವ ಒಬ್ಬ ಅಜ್ಜಿ ಇದ್ದಳು. ಸಿಸ್ಟರಮ್ಮನ ಬೆರಳಲ್ಲಿದ್ದ ಉಂಗುರವನ್ನು ನೋಡಿ, ನಮ್ಮ ಕಟ್ಟೆಯ ಮೇಲೆಯೇ ಕೇಳಿದಳು.

'ಲಗ್ನ ಆಗೈತೇನವಾ?'

'ಆಗೈತಿ.'

'ಮನಿಯವ್ರು ಎಲ್ಲದಾರ?'

ಸಿಸ್ಟರಮ್ಮ ಬೆರಳು ಮೇಲಕ್ಕೆ ತೋರಿಸಿದರು. ಅಜ್ಜಿ ಕಣ್ಣಿಗೆ ಸೆರಗು ಹಚ್ಚಿದಳು. 'ಅಯ್ಯ ನನ್ನವ್ವಾ, ಇಷ್ಟ ಸಣ್ಣ ವಯಸ್ಸಿನ್ಯಾಗ...'

'ಇಲ್ಲಬೇ. ಸತ್ತಿದ್ರು, ಮೂರನೇ ದಿನಕ್ಕ ಎದ್ದು ಬಂದಾರ. ಇನ್ನ ಸಾಯಾಂಗಿಲ್ಲ.'

ಅಜ್ಜಿ ಇದನ್ನು ಚೆನ್ನಾಗಿ ವಿಚಾರ ಮಾಡಿದಳು. ಮೊಸರಿನ ಗಡಿಗೆ ತಲೆಗೆ ಏರಿಸಿಕೊಳ್ಳುತ್ತ ತೀರ್ಮಾನ ಹೇಳಿದಳು: 'ಹಂಗಾರ ನೀ ಎಂದೂ ವಿಧವಿ ಆಗಾಂಗಿಲ್ಲ ಬಿಡು. ನಮ್ಮೆಲ್ಲಾರಕಿಂತ ಗಟ್ಟಿ ಮುತ್ತೈದಿ ನೀ.'

ಈ ಮಾತು ಓಣಿಯಿಂದ ಓಣಿಗೆ ಹೋಯಿತು. ಬೇರೆ ಕಡೆ ಬಿಳಿ ಸೀರೆಯುಟ್ಟ ಹೆಂಗಸನ್ನು ಕಂಡರೆ ಶುಭಕಾರ್ಯದಲ್ಲಿ ಮುಖ ತಿರುಗಿಸುತ್ತಾರೆ. ನಮ್ಮ ಊರಲ್ಲಿ ಸಿಸ್ಟರಮ್ಮ ಎದುರು ಬಂದರೆ ಮದುವೆ ದಿಬ್ಬಣದವರು ನಿಂತು ಮಾತಾಡಿಸಿಯೇ ಮುಂದೆ ಹೋಗುತ್ತಿದ್ದರು. ಅವರಿಗೂ ಅದು ಇಷ್ಟ ಇತ್ತು. ಒಮ್ಮೆ ಕ್ರಿಸ್‌ಮಸ್ಸಿನ ಗೋದಲಿಗೆ ಬೊಂಬೆ ಬೇಕೆಂದು ಕಿನ್ನಾಳದ ಚಿತ್ರಗಾರನೊಬ್ಬನಿಗೆ ಹೇಳಿದರು. ಅವನು ತನಗೆ ತಿಳಿದಂತೆ ಮೇರಿಯಮ್ಮನಿಗೆ ಹಸಿರು ಸೀರೆ ಉಡಿಸಿ, ಮೂಗಿಗೆ ನತ್ತು ಬರೆದು, ಕುರುಬರ ಹೆಗಲಿಗೆ ಕರಿ ಕಂಬಳಿ ಹಾಕಿ ಕಳಿಸಿದ. ಪೂಜೆಗೆ ಬಂದ ಫಾದರು ನತ್ತನ್ನು ಅಳಿಸಿರಿ ಎಂದರು. 'ಹೆರಿಗಿ ಆದ ಹೆಣ್ಣುಮಗಳ ಮೂಗು ಬರಿದ ಮಾಡಾಕ ಬರೂದಿಲ್ಲ ಫಾದರ್' ಎಂದು ಇವರು ಹಾಗೇ ಇಟ್ಟರು. ಫಾದರು ಆವತ್ತು ಊಟ ಮಾಡದೆ ಹೋದರು.

ವಯಸ್ಸಾಯಿತು. ಮಂಡಿ ಹಿಡಿಯಿತು. ಅವರ ಮಠದಲ್ಲಿ ಕೈಲಾಗದವರನ್ನು ದೂರದ ವೃದ್ಧರ ಮನೆಗೆ ಕಳಿಸಿಬಿಡುತ್ತಾರೆ. ಆಗ ಒಂದೇ ಒಂದು ಸಲ ಸಿಸ್ಟರಮ್ಮ ತಮಗಾಗಿ ಬಾಯಿ ತೆರೆದರು. ಎಲ್ಲ ಸಿಸ್ಟರುಗಳ ಮೇಲಿನ, ವರ್ಷಕ್ಕೊಮ್ಮೆ ಬರುವ ಮದರ್ ಹತ್ತಿರ, ನಾನು ಕೊನೆಯತನಕ ಇಲ್ಲೇ ಇರುತ್ತೇನೆ, ಸತ್ತರೆ ಗುಡಿಯ ಹಿಂದಿನ ಜಾಗದಲ್ಲೇ ಮಣ್ಣು ಕೊಡಿ ಎಂದು ಕೇಳಿದರು. ಗುಡಿ ಎಂದೇ ಅನ್ನುತ್ತಿದ್ದರು, ಚರ್ಚು ಅನ್ನುತ್ತಿರಲಿಲ್ಲ. ಮದರ್ ನಕ್ಕು, ಆಗಲಿ, ಸುವರ್ಣ ಮಹೋತ್ಸವ ಮುಗಿಯಲಿ ಎಂದರು. ಸಿಸ್ಟರಮ್ಮ ವ್ರತ ತೊಟ್ಟು ಐವತ್ತು ವರ್ಷ ತುಂಬುವುದಿತ್ತು. ಗೋಡೆಯ ಹತ್ತಿರ ಬಂದು ನನಗೆ ಇದನ್ನು ಹೇಳುವಾಗ ಅವರ ಮುಖ ಮದುವೆ ಗೊತ್ತಾದ ಹುಡುಗಿಯ ಮುಖದ ಹಾಗಿತ್ತು.

ಮಹೋತ್ಸವದ ದಿನ ಪೂಜೆ ಆಯಿತು, ಭಾಷಣ ಆಯಿತು, ಗೋಧಿ ಹುಗ್ಗಿಯ ಊಟವೂ ಆಯಿತು. ಪೇಟೆಯಿಂದ ಬಂದ ಫಾದರುಗಳು ಕಾರು ಹತ್ತಿ ಹೋದರು. ಆಮೇಲೆ ನಮ್ಮ ಹೆಂಗಸರು ಬಂದರು. ಮೊಸರಿನ ಅಜ್ಜಿ ತೀರಿ ಎಷ್ಟೋ ಕಾಲವಾಗಿತ್ತು. ಅವಳ ಸೊಸೆ ಮುಂದಾಗಿದ್ದಳು, ಅವಳೂ ಈಗ ಮುದುಕಿ. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಎಲೆ ಅಡಿಕೆ, ಮೇಲೊಂದು ಹಸಿರು ಖಣ.

'ನಮ್ಮತ್ತಿ ಹೇಳ್ಯಾಳ್ರಿ, ಸಿಸ್ಟರಮ್ಮ ಗಟ್ಟಿ ಮುತ್ತೈದಿ ಅಂತ. ಐವತ್ತ ವರ್ಷ ಬಾಳೇ ಮಾಡೀರಿ. ಉಡಿ ತುಂಬ್ತೀವಿ, ಬ್ಯಾಡ ಅನಬ್ಯಾಡ್ರಿ.'

ಸಿಸ್ಟರಮ್ಮ ಪೂರ್ವಕ್ಕೆ ಮುಖ ಮಾಡಿ ಸೆರಗು ಒಡ್ಡಿದರು. ಪೂರ್ವಕ್ಕೆ ನಿಲ್ಲಬೇಕೆಂದು ಯಾರೂ ಹೇಳಲಿಲ್ಲ, ಇಷ್ಟು ವರ್ಷ ನೋಡಿ ನೋಡಿ ಅವರಿಗೇ ಗೊತ್ತಿತ್ತು. ಐದು ಜನ ಹೆಂಗಸರು ಉಡಿ ತುಂಬಿದರು, ನಾನೂ ಒಬ್ಬಳು. ಸೊಸೆ ಮುದುಕಿ ಅವರ ಹಣೆಗೆ ಕುಂಕುಮ ಹಚ್ಚಿದಳು. ಆ ಬಿಳಿ ಸೀರೆಯ ಮೇಲೆ ಅಕ್ಕಿಯ ಭಾರ ಹಿಡಿದು ನಿಂತ ಅವರ ಕಣ್ಣಲ್ಲಿ ನೀರಿತ್ತು. ನನಗೂ ಬಂತು. ಅಷ್ಟು ಚೆಂದದ ಗಳಿಗೆ ನನ್ನ ಬಾಳಿನಲ್ಲಿ ಹೆಚ್ಚಿಲ್ಲ.

ನಮ್ಮ ಮಹಿಳಾ ಸಂಘದ ಅಧ್ಯಕ್ಷೆಗೆ ಹಿಗ್ಗು ತಡೆಯಲಿಲ್ಲ. ಫೋಟೋ ತೆಗೆದು, 'ನಮ್ಮೂರ ಮಗಳಿಗೆ ಉಡಿ ತುಂಬಿದ ಕ್ಷಣ' ಎಂದು ಬರೆದು ಎಲ್ಲ ಗ್ರೂಪುಗಳಿಗೆ ಬಿಟ್ಟಳು. ಸಂಜೆಯೊಳಗೆ ಅದು ತಾಲೂಕು ದಾಟಿತು. ನಮ್ಮ ಕಡೆಯ ಕೆಲವು ಗಂಡಸರು, ನಮ್ಮ ಸಂಪ್ರದಾಯವನ್ನು ಮುಂದಿಟ್ಟು ಮತಾಂತರ ಮಾಡುವ ಹೊಸ ಹಂಚಿಕೆ ಎಂದರು. ಅವರ ಕಡೆಯ ಕೆಲವರು, ಸನ್ಯಾಸಿನಿ ಹೋಗಿ ಕುಂಕುಮ ಹಚ್ಚಿಸಿಕೊಂಡಳು, ಅನ್ಯದೇವರ ಪೂಜೆಗೆ ಸೆರಗು ಒಡ್ಡಿದಳು ಎಂದರು. ಎಂದೂ ಒಂದು ಮಾತಿಗೆ ಒಪ್ಪದ ಎರಡು ಗುಂಪು ಈ ಒಂದು ಹೆಂಗಸು ತಪ್ಪು ಮಾಡಿದ್ದಾಳೆ ಎನ್ನುವುದಕ್ಕೆ ಮಾತ್ರ ಒಪ್ಪಿದವು. ಬೋರ್ಡಿಂಗಿನ ಗೇಟಿನ ಮುಂದೆ ಬಂದು ಕೂಗಾಡಿದವರಲ್ಲಿ ನನ್ನ ಹತ್ತಿರ ಹಿಂದಿ ಕಲಿತವರೂ ಇದ್ದರು.

ಮದರ್ ಜೀಪಿನಲ್ಲಿ ಬಂದರು. ಪದ್ಧತಿಯ ಅರ್ಥ ಹೇಳಲು ನನ್ನನ್ನು ಕರೆಸಿದರು. ಕೆಟ್ಟ ಹೆಂಗಸಲ್ಲ. ಪುಸ್ತಕದ ಕನ್ನಡ ಮಾತಾಡುತ್ತಿದ್ದರು, ಬಹಳ ದಣಿದಿದ್ದರು.

'ದೇವಿಗೂ ಉಡಿ ತುಂಬುತ್ತಾರಂತೆ, ಹೌದೇ?'

'ತುಂಬ್ತಾರ್ರಿ. ದೇವಿಗೆ ಅನ್ನಾನೂ ಇಡ್ತಾರ. ಹಂಗಂತ ಅನ್ನ ಉಣ್ಣೂದು ಬಿಡಾಕ ಆಗೂದಿಲ್ಲ. ಇದು ತವರಿನವರು ಮಗಳಿಗೆ ಮಾಡೂ ಮರ್ಯಾದಿ.'

'ಯಾವಾಗ ಮಾಡುತ್ತಾರೆ?'

'ಮಗಳು ಗಂಡನ ಮನಿಗೆ ಹೊಂಟಾಗ.'

ಮದರ್ ತಲೆಯಾಡಿಸಿದರು. ಆಮೇಲೆ ಸಿಸ್ಟರಮ್ಮನ ಕಡೆ ತಿರುಗಿ ಮೆತ್ತಗೆ ಹೇಳಿದರು: 'ಇದರ ಅರ್ಥ ನಿಮಗೆ ತಿಳಿದಿರಲಿಲ್ಲ. ಹೆಂಗಸರು ಪ್ರೀತಿಯಿಂದ ಒತ್ತಾಯ ಮಾಡಿದರು, ಬೇಡ ಎನ್ನಲು ಆಗಲಿಲ್ಲ. ಇಷ್ಟು ಹೇಳಿದರೆ ಸಾಕು. ಮೇಲಿನವರಿಗೆ ನಾನು ಹೇಳಿಕೊಳ್ಳುತ್ತೇನೆ. ನೀವು ಇಲ್ಲೇ ಇರಬಹುದು.'

ನಾನು ಮನಸ್ಸಿನಲ್ಲೇ ಬೇಡಿಕೊಂಡೆ, ಹೇಳಿಬಿಡಿ ಎಂದು. ಒಂದು ಸುಳ್ಳು. ಅದೂ ಸಣ್ಣದು, ಯಾರಿಗೂ ತಾಗದ್ದು.

'ಅರ್ಥ ಗೊತ್ತಿತ್ತು, ಮದರ್,' ಎಂದರು ಸಿಸ್ಟರಮ್ಮ. 'ಯಾರೂ ಒತ್ತಾಯ ಮಾಡಲಿಲ್ಲ. ಸೆರಗು ನಾನ ಒಡ್ಡೀನಿ.'

ಬೋರ್ಡಿಂಗು ಉಳಿಯಬೇಕು, ಮಕ್ಕಳು ಉಳಿಯಬೇಕು ಎಂದರು ಮದರ್. ಕೇರಳದ ಮನೆಗೆ ಹೊರಡಿ, ನಿಮ್ಮ ಊರ ಕಡೆಗೇ ಕಳಿಸುತ್ತಿದ್ದೇವಲ್ಲ, ನಿಮ್ಮ ಭಾಷೆ, ನಿಮ್ಮ ಜನ ಎಂದರು. ಸಿಸ್ಟರಮ್ಮ 'ಆಗಲಿ, ಮದರ್' ಎಂದರು, ಮೊಣಕಾಲು ಊರಲು ಹೋದರು, ಮಂಡಿ ಬಗ್ಗಲಿಲ್ಲ, ಮೇಜು ಹಿಡಿದು ನಿಂತರು.

ಹಿತ್ತಲಿಗೆ ಬಂದಾಗ ನಾನು ಅವರನ್ನು ತರಾಟೆಗೆ ತೆಗೆದುಕೊಂಡೆ. 'ಹೋಗಾಂಗಿಲ್ಲ ಅನ್ರಿ. ಎತ್ತಿ ಒಯ್ಯಾಕ ಬರ್ತೈತೇನು? ನಮ್ಮ ಮನ್ಯಾಗ ಇರ್ರಿ. ಸತ್ರ ನಮ್ಮ ಹೊಲದಾಗ ಜಾಗಾ ಐತಿ.'

'ಐವತ್ತು ವರ್ಷದ ಹಿಂದ ಹೂಂ ಅಂದೀನ್ರಿ ಅಕ್ಕೋರ. ಯಾವುದಕ್ಕ ಹೂಂ ಅಂತ ಆವಾಗ ಕೇಳಲಿಲ್ಲ. ಈಗ ಕೇಳಾಕ ಬರೂದಿಲ್ಲ.'

'ಆ ಹೂಂ ಕೇಳಿಸ್ಕೊಂಡಾವ ಯಾವನು? ಅವನಿಗೆ ಕರುಳು ಐತೇನು?'

ಅವರು ಸಿಟ್ಟಾಗಲಿಲ್ಲ. ಅದು ನನಗೆ ಇನ್ನೂ ಸಿಟ್ಟು ತಂದಿತು.

ಹೊರಟದ್ದು ಬೆಳಗಿನ ಹೊತ್ತು. ಒಂದು ಕೈಚೀಲ. ಉಡಿಯ ಅಕ್ಕಿಯನ್ನು ಬೋರ್ಡಿಂಗಿನ ಅಡುಗೆಗೆ ಕೊಟ್ಟಿದ್ದರು, ಖಣ ಮನೆಯ ಹಿರಿಯಳ ಕೈ ಸೇರಿತ್ತು. ಓಣಿಯ ಬಾಗಿಲುಗಳು ಮುಚ್ಚಿದ್ದವು. ಗಂಡಂದಿರು, ಮಕ್ಕಳು ಹೋಗಬೇಡಿ ಎಂದಿದ್ದರು. ಹಿಂದಿನ ವಾರ ಮೊರ ಹಿಡಿದು ಬಂದವರು ಕದದ ಸಂದಿಯಿಂದ ನೋಡುತ್ತಿದ್ದರು. ಸಂಘದ ಅಧ್ಯಕ್ಷೆ ಫೋಟೋವನ್ನು ಅಳಿಸಿ, ಯಾರೋ ಹಾಕಿದ್ದು ಎಂದು ಹೇಳಿಕೊಂಡು ತಿರುಗುತ್ತಿದ್ದಳು. ನಮ್ಮ ಯಜಮಾನರು ಮಾತ್ರ ಅಂಗಡಿಗೆ ಹೋಗದೆ ನನ್ನ ಜೊತೆ ಬಂದು ಚೀಲವನ್ನು ಜೀಪಿಗೆ ಇಟ್ಟರು. ಜೀಪು ಹೋದ ಮೇಲೆ ಬಾಗಿಲುಗಳು ಒಂದೊಂದಾಗಿ ತೆರೆದವು, ಹೆಂಗಸರು ಅಂಗಳಕ್ಕೆ ನೀರು ಹಾಕತೊಡಗಿದರು. ಆವತ್ತಿನಿಂದ ನಾನು ಆ ಓಣಿಯಲ್ಲಿ ಯಾರ ಮನೆಯ ಆರತಿಗೂ ಹೋಗಿಲ್ಲ.

ಬೋರ್ಡಿಂಗು ಉಳಿಯಲಿಲ್ಲ. ಅಷ್ಟು ಗದ್ದಲ ಆದ ಜಾಗದಲ್ಲಿ ಹೆಣ್ಣುಮಕ್ಕಳನ್ನು ಬಿಡಲು ತಾಯಿತಂದೆ ಹೆದರಿದರು. ಈಗ ಆ ಹುಡುಗಿಯರೂ ಗುಳೆ ಹೋಗುತ್ತಾರೆ. ಕಟ್ಟಡಕ್ಕೆ ಬೀಗ ಬಿದ್ದಿದೆ.

ಹೋದ ವರ್ಷ ನಾನು ಅವರನ್ನು ನೋಡಲು ಹೋಗಿದ್ದೆ. ರೈಲು ಬದಲಿಸಿ, ಬಸ್ಸು ಬದಲಿಸಿ, ರಬ್ಬರಿನ ಮರಗಳ ನಡುವೆ ಇರುವ ಆ ಮನೆ ಮುಟ್ಟಿದೆ. ಚೊಕ್ಕಟವಾಗಿತ್ತು. ಹಾಸಿಗೆ ಇತ್ತು, ಔಷಧಿ ಇತ್ತು, ಯಾವುದಕ್ಕೂ ಕೊರತೆ ಇರಲಿಲ್ಲ. ಸಿಸ್ಟರಮ್ಮ ಅರ್ಧ ಆಗಿದ್ದರು. ನನ್ನ ಕೈ ಹಿಡಿದುಕೊಂಡು, ಮಳೆ ಆತೇನ್ರಿ, ಶೇಂಗಾ ಹೆಂಗ ಬಂದಾವು, ಮೊಸರಿನಜ್ಜಿ ಸೊಸಿ ಕಾಲು ಈಗ ಹೆಂಗ ಐತಿ ಎಂದು ಕೇಳಿದರು. ಬಾಗಿಲು ಮುಚ್ಚಿಕೊಂಡವರನ್ನೇ ಒಬ್ಬೊಬ್ಬರನ್ನಾಗಿ ವಿಚಾರಿಸಿದರು.

'ನೀವು ಹೆಂಗದೀರಿ?' ಎಂದೆ.

'ಛಲೋ ಅದೀನ್ರಿ. ಇಲ್ಲಿ ಎಲ್ಲಾರೂ ಛಲೋ ನೋಡ್ಕೋತಾರ.'

'ಊರಿಗೆ ಬರಬೇಕು ಅನಸೂದಿಲ್ಲೇನ್ರಿ? ಮದರ್‌ನ ಒಂದ ಮಾತು ಕೇಳ್ರಿ. ಈಗ ಎಲ್ಲಾರೂ ಮರ್ತಾರ.'

'ಒಮ್ಮಿ ಕೇಳೀನಲ್ರಿ. ಎರಡನೇ ಸಲ ಕೇಳಬಾರದು.'

ಸಂಜೆ ಅವರ ಗುಡಿಯಲ್ಲಿ ಪ್ರಾರ್ಥನೆ. ನಾನೂ ಹಿಂದಿನ ಬೆಂಚಿನಲ್ಲಿ ಕೂತೆ. ಅವರಲ್ಲಿ ಒಂದು ಪದ್ಧತಿ ಇದೆ: ಒಬ್ಬೊಬ್ಬರಾಗಿ ತಮ್ಮ ಮನಸ್ಸಿನ ಬೇಡಿಕೆಯನ್ನು ಗಟ್ಟಿಯಾಗಿ ಹೇಳಬೇಕು, ಹೇಳಿ ಮುಗಿಸಿದ ಕೂಡಲೇ ಉಳಿದವರೆಲ್ಲ ಒಟ್ಟಿಗೆ, ಪ್ರಭುವೇ ನಮ್ಮ ಪ್ರಾರ್ಥನೆ ಕೇಳು, ಎಂದು ದನಿಗೂಡಿಸಬೇಕು. ಮುದುಕಿಯರು ಮಲಯಾಳದಲ್ಲಿ ಏನೇನೋ ಕೇಳಿಕೊಂಡರು, ಎಲ್ಲರೂ ದನಿಗೂಡಿಸಿದರು. ಸಿಸ್ಟರಮ್ಮನ ಪಾಳಿ ಬಂತು. ತುಸು ತಡೆದರು. ನಾನು ಹಿಂದೆ ಕೂತಿದ್ದೇನೆಂದು ನೆನಪಾಗಿರಬೇಕು. ಆಮೇಲೆ ನಮ್ಮ ಕನ್ನಡದಲ್ಲಿ, ನಮ್ಮ ಓಣಿಯ ದನಿಯಲ್ಲಿ ಹೇಳಿದರು:

'ಪ್ರಭು, ನನ್ನ ಊರಿಗೆ ಕಳಸು. ಇಲ್ಲಿ ಸಾಯಾಕ ಬ್ಯಾಡ. ಅಲ್ಲೇ ಮಣ್ಣಿಗೆ ಹಾಕಸು.'

ಎಲ್ಲರೂ ಒಕ್ಕೊರಲಿನಿಂದ ದನಿಗೂಡಿಸಿದರು. ಆ ಮನೆಯ ಹಿರಿಯಳ ದನಿಯೇ ಎಲ್ಲರಿಗಿಂತ ಜೋರಾಗಿತ್ತು.

ಹೊರಗೆ ಬಂದಾಗ ಆ ಹಿರಿಯಳು ನನ್ನನ್ನು ಹಿಂದಿಯಲ್ಲಿ ಕೇಳಿದಳು. 'ಬಂದ ದಿನದಿಂದ ದಿನಾ ಅದೊಂದನ್ನೇ ಹೇಳುತ್ತಾರೆ, ನಿಮ್ಮ ಭಾಷೆಯಲ್ಲಿ. ಏನೆಂದು ಕೇಳಿದರೆ ನಗುತ್ತಾರೆ. ಅದರ ಅರ್ಥ ಏನು?'

ನಾನು ಸಿಸ್ಟರಮ್ಮನ ಕಡೆ ನೋಡಿದೆ. ಅವರು ಬೇಡ ಎಂದು ತಲೆ ಅಲ್ಲಾಡಿಸಿದರು. ಕಾಣಿಸದಷ್ಟು ಸಣ್ಣಗೆ.

'ನಮ್ಮ ಊರಿಗಾಗಿ ಬೇಡಿಕೊಳ್ಳುತ್ತಾರೆ' ಎಂದೆ.

'ಬಹಳ ಒಳ್ಳೆಯದು' ಎಂದಳು ಆಕೆ. 'ನಾವೂ ದಿನಾ ಅವರ ಜೊತೆ ಕೇಳುತ್ತೇವೆ.'

ಕೇಳಿದರು. ಐವತ್ತು ವರ್ಷ ಆ ದೇವರಿಗೆ ಎಲ್ಲವನ್ನೂ ಕೊಟ್ಟ ಹೆಂಗಸು ಕೇಳಿದಳು, ಅವಳ ಹಿಂದೆ ಇಡೀ ಮನೆ ಕೇಳಿತು, ಸಾಯುವ ದಿನದವರೆಗೂ ಕೇಳಿತು. ಅವರನ್ನು ಆ ರಬ್ಬರಿನ ಮರಗಳ ನಡುವೆಯೇ ಮಣ್ಣು ಮಾಡಿದ್ದಾರೆ. ಆವತ್ತು ಆ ಗುಡಿಯಲ್ಲಿ ಕೇಳಿದವರಲ್ಲಿ ಆ ಮಾತು ತಿಳಿದದ್ದು ಇಬ್ಬರಿಗೆ, ನನಗೆ ಮತ್ತು ಅವರ ದೇವರಿಗೆ. ನನ್ನ ಕೈಯಲ್ಲಂತೂ ಏನೂ ಇರಲಿಲ್ಲ.